ಸುಮಿತ್ರಕ್ಕನಿಗೆ ಫೋನ್ ಮಾಡುವುದು

ಹಾವೇರಿ, ಏಳನೇ ಕೇರಿ
ಫೆಬ್ರವರಿ ೩೦, ೨೧೮೭

ಭಾಗ್ಯಶ್ರೀ ಅಜ್ಜಿಯವರಿಗೆ, ನಿಮ್ಮಿಂದ ಆರನೇ ತಲೆಮಾರಿನ ಕಸ್ತೂರಿ ಮಾಡುವ ನಮಸ್ಕಾರಗಳು.

ಮೊದಲು ಕನಸನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯಲು ಕೈ ಓಡುವುದಿಲ್ಲ. ಮೊನ್ನೆ ಮಧ್ಯಾಹ್ನ ರೊಟ್ಟಿ ಬಡಿದು ಚೂರು ಅಡ್ಡಾಗಿದ್ದೆ. ಕನಸಿನಲ್ಲಿ ನನ್ನ ಕೈಯಲ್ಲಿ ನಿಮ್ಮ ಕಾಲದ ಫೋನು. ನಿಮ್ಮ ಸುಮಿತ್ರಕ್ಕನಿಗೆ ಹಚ್ಚಿದೆ. ಆಕೆ ಸತ್ತು ನೂರಾ ಮೂವತ್ತು ವರ್ಷ. ಆದರೂ ಎತ್ತಿದಳು. “ಒಲಿ ಮ್ಯಾಲ ಹಾಲು ಇಟ್ಟೇನವಾ, ಸಂಜಿಗೆ ಮಾಡು” ಎಂದು ಇಟ್ಟುಬಿಟ್ಟಳು. ಆಕೆ ಎತ್ತಿದಾಗ ಅಡುಗೆಮನೆಯ ಗೋಡೆಯ ಮೇಲೆ ಆರಿದ್ದ ಆಕೆಯ ಹೆಸರಿನ ಸಾಲು ಮತ್ತೆ ಹೊತ್ತಿಕೊಂಡಿತು.

ತಾರೀಖು ನೋಡಿ ಗಾಬರಿಯಾಗಬೇಡಿ, ನಾನು ಅದನ್ನು ಮೂರು ಸಲ ನೋಡಿಯೇ ಬರೆದದ್ದು. ಜನರ ಕೆಲಸ ಮುಗಿಯುತ್ತಿಲ್ಲವೆಂದು ಸರಕಾರ ಜುಲೈ, ಆಗಸ್ಟಿನಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಸೇರಿಸಿದೆ. ಅದರಿಂದ ಯಾರ ಕೆಲಸವೂ ಮುಗಿದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಕಾಣಬಹುದು, ಮನ್ನಿಸಬೇಕು. ನಾನು ಓದಿದ್ದು ಆರನೇ ಇಯತ್ತೆ, ಅದೂ ಅರ್ಧ. ನಿಮಗಿನ್ನೂ ಮೂವತ್ತನಾಲ್ಕು, ನನಗೆ ನಲವತ್ತೆಂಟು, ಆದರೂ ನಿಮ್ಮನ್ನು ಅಜ್ಜಿ ಎಂದೇ ಕರೆಯುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ, ಹಿಂದಂಚೆ ಎಂದರೆ ಹಿಂದಿನವರಿಗೆ ಹೋಗುವ ಟಪಾಲು. ಒಂದು ಮನೆತನಕ್ಕೆ ಒಂದೇ ಕಾಗದ. ನಮ್ಮ ಮನೆಯದು ಇದೇ. ಅದಕ್ಕೇ ಏನು ಬಿಟ್ಟೆನೋ, ಏನು ಹೆಚ್ಚು ಬರೆದೆನೋ ಎಂದು ಜೀವ ಹೊಯ್ದಾಡುತ್ತದೆ.

ನಮ್ಮ ಅಡುಗೆಮನೆಯಲ್ಲಿ ಗೋಡೆಪಟ್ಟಿ ಇದೆ. ಮನೆತನದ ಮುಗಿಯದ ಕೆಲಸಗಳೆಲ್ಲ ಗೋಡೆಯ ಮೇಲೆ ಸಾಲುಸಾಲಾಗಿ ಉರಿಯುತ್ತವೆ. ಆ ಗೋಡೆಗೆ ಸುಣ್ಣ ಹಚ್ಚುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಹಳೆಯವು ಕೆಳಗಿವೆ, ಓದಬೇಕಾದರೆ ಕುಕ್ಕರಗಾಲಿನಲ್ಲಿ ಕೂರಬೇಕು. ಅಲ್ಲಿರುವುದೆಲ್ಲ ನಿಮ್ಮವು ಅಜ್ಜಿ. ಕುಕ್ಕರಿನ ರಬ್ಬರ್ ತರುವುದು. ಹೊಲಿಯಲು ಕೊಟ್ಟ ಜಂಪರ್ ತರುವುದು. ಆಧಾರ ಕಾರ್ಡಿನ ವಿಳಾಸ ಬದಲಿಸುವುದು. ಯೋಗ ಶುರು ಮಾಡುವುದು. ಸುಮಿತ್ರಕ್ಕನಿಗೆ ಫೋನ್ ಮಾಡುವುದು, ಏಳು ಸಲ. ನೀವು ಒಂದು ಆ್ಯಪ್ ಬಿಟ್ಟು ಇನ್ನೊಂದು ಹಿಡಿದಾಗೆಲ್ಲ ಹಳೆಯ ಪಟ್ಟಿಯನ್ನು ಹೊತ್ತುಕೊಂಡು ಹೋದಿರಿ. ಹೊಸದರಲ್ಲಿ ಒಂದು ನಕಲು, ಹಳೆಯದರಲ್ಲಿ ಒಂದು. ಹಾಗೆ ಏಳು ಆ್ಯಪು, ಏಳು ಸುಮಿತ್ರಕ್ಕ.

ಮಂಗಳವಾರ ಟಿಕ್ಕುಮಾಸ್ತರ ಬರುತ್ತಾರೆ. ಆದ ಕೆಲಸಕ್ಕೆ ಗುರುತು ಹಾಕುವ ಹಕ್ಕು ಅವರಿಗೆ ಮಾತ್ರ. ಹೆಸರು ಬಸವಂತಪ್ಪ, ಮನುಷ್ಯ ಒಳ್ಳೆಯವರೇ. ಬಾಗಿಲಲ್ಲೇ, “ಏನ್ರಿ ಯಕ್ಕಾ, ಕುಕ್ಕರಿನ ರಬ್ಬರ್ ತಂದ್ರೇನು?” ಎಂದರು ಹೋದ ವಾರ.

“ಕುಕ್ಕರ ಎಲ್ಲೈತ್ರಿ ಮಾಸ್ತರ? ಮ್ಯೂಸಿಯಮ್ಮಿನ್ಯಾಗ ಐತಿ.”

“ಹಂಗಂದ್ರ ಹೆಂಗ? ಬದಲಿ ತೋರಸ್ರಿ.”

ಬದಲಿ ಎಂದರೆ ಈಗ ಮಾಡಲಾಗದ ಕೆಲಸಕ್ಕೆ ಸಮನಾದ ಇನ್ನೊಂದು ಕೆಲಸ. ಸುಮಿತ್ರಕ್ಕನಿಗೆ ಬದಲಿಯಾಗಿ ಆಕೆಯ ವಂಶದವರ ಕಟ್ಟೆಯ ಮೇಲೆ ಕೂತು ಐದು ನಿಮಿಷ ಮಾತಾಡಬೇಕು. ಆ ಮನೆಯ ಮುದುಕಿಗೆ ನನ್ನನ್ನು ನೋಡಿ ಸಾಕಾಗಿದೆ. “ಮತ್ತ ಬಂದ್ಯಾ? ಚಾ ಕುಡದು ಹೋಗು, ಮಾತು ಬ್ಯಾಡ” ಎನ್ನುತ್ತಾಳೆ. ಮಾತಿಲ್ಲದಿದ್ದರೆ ಟಿಕ್ಕಿಲ್ಲ. ಒಂದು ಸಲ ಹೋದರೆ ಏಳೂ ಅಳಿಯಬಾರದೇ ಎಂದು ಮಾಸ್ತರರನ್ನು ಕೇಳಿದ್ದೆ. “ಏಳು ಸಲ ಬರದಾರಂದ್ರ ಏಳು ಸಲ ಅವರ ಮನಸಿನ್ಯಾಗ ಬಂದಿತ್ತು ಅಂತ ಅರ್ಥ್ರೀ” ಎಂದರು.

ಎಲ್ಲಕ್ಕಿಂತ ಕೆಟ್ಟ ಸಾಲು ಬೇರೆಯೇ ಇದೆ. “ಒಳ್ಳೆ ಆ್ಯಪ್ ಹುಡುಕುವುದು” ಎಂದು ಬರೆದಿದ್ದೀರಿ. ವರ್ಷಕ್ಕೊಮ್ಮೆ ಅದು ಕೆಂಪಗಾಗುತ್ತದೆ. ಆಗ ನಾನು ಪೇಟೆಗೆ ಹೋಗಿ ಒಂದು ಹೊಸ ಸಾಧನ ಆರಿಸಿ ತರಬೇಕು. ಬಣ್ಣ ಬಣ್ಣದ್ದು, ಗಂಟೆ ಹೊಡೆಯುವುದು, ಹೊಗಳುವುದು, ಬೈಯುವುದು, ಎಲ್ಲ ತಂದು ನೋಡಿದ್ದೇನೆ. ಒಳ್ಳೆಯದು ಎಂದು ಯಾರು ಸಹಿ ಹಾಕಬೇಕು? ಮಾಸ್ತರರಿಗೂ ಧೈರ್ಯವಿಲ್ಲ. ಆ ಸಾಲು ಆರುವುದಿಲ್ಲ, ಹೊಸ ಸಾಧನಕ್ಕೆ ಪಟ್ಟಿ ಸಾಗಿಸುವಾಗ ಮಾತ್ರ ಒಂದಷ್ಟು ಸಾಲು ಮತ್ತೆ ಇಮ್ಮಡಿಯಾಗುತ್ತವೆ. ಇಪ್ಪತ್ತು ವರ್ಷ ಹೆಣಗಿ ನಾಲ್ಕು ಸಾವಿರಕ್ಕೆ ಇಳಿಸಿದ್ದೆ. ಹೋದ ದೀಪಾವಳಿಗೆ ಒಂದು ತಂದೆ, ಏಳು ಸಾವಿರವಾಯಿತು. ಊರಗಸಿಯ ಬಾಗಿಲು ದಾಟಬೇಕಾದರೆ ಸಾಲುಗಳು ನೂರರೊಳಗಿರಬೇಕು. ನಾನು ಈ ಊರು ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ವರದಾ ನದಿ ಹೇಗಿದೆ ಎಂದು ಬೇರೆಯವರ ಬಾಯಲ್ಲಿ ಕೇಳಿದ್ದೇನೆ.

ನನ್ನದು ಹೀಗೇ ಸವೆಯಲಿ, ಆ ಚಿಂತೆ ಬಿಟ್ಟಿದ್ದೇನೆ. ಮಗಳು ಇಂಚರಾಗೆ ಮಾರ್ಚ್ ಹನ್ನೊಂದಕ್ಕೆ ಹದಿಮೂರು ತುಂಬುತ್ತದೆ. ಅಂದು ಅರ್ಧ ಪಟ್ಟಿ ಅವಳಿಗೆ ಹೋಗುತ್ತದೆ, ಮುಂಗೈಗೆ ಗಂಟೆ ಕಟ್ಟುತ್ತಾರೆ. ಕೆಲಸದ ಹೊತ್ತಾದಾಗ ಅದು ಬಡಿಯುತ್ತದೆ, ಕ್ಲಾಸಿನಲ್ಲಿದ್ದರೂ ಬಡಿಯುತ್ತದೆ. ಎರಡು ವಾರ ನೋಡಿ ಸಾಲೆಯವರು ಮನೆಗೆ ಕಳಿಸುತ್ತಾರೆ. ನನ್ನ ಅವ್ವ ಬೇಗ ತೀರಿಕೊಂಡದ್ದರಿಂದ ನನಗೆ ಹನ್ನೊಂದಕ್ಕೇ ಕಟ್ಟಿದರು. ಭಿನ್ನರಾಶಿಯ ಗುಣಾಕಾರ ನಡೆದಿತ್ತು, ಭಾಗಾಕಾರ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಚರಾ ಅದನ್ನೆಲ್ಲ ಬಾಯಲ್ಲೇ ಮಾಡುತ್ತಾಳೆ. ಅವಳ ಟೀಚರ್ ಮನೆಗೆ ಬಂದು, “ಈಕಿನ್ನ ಮಾತ್ರ ಬಿಡಸಬ್ಯಾಡ್ರಿ, ಕೈ ಮುಗೀತೀನಿ” ಎಂದರು. ನಾನು ಗೋಡೆ ತೋರಿಸಿದೆ. ಚಾ ಅರ್ಧಕ್ಕೇ ಬಿಟ್ಟು ಹೋದರು.

ಮೊನ್ನೆ ಇಂಚರಾ ಗೋಡೆಯ ಮುಂದೆ ಕೂತು ಬಹಳ ಹೊತ್ತು ಓದಿದಳು. “ಅವ್ವಾ, ಇದರಾಗ ನಾವು ಬರದದ್ದು ಯಾವುದೈತಿ?” ಎಂದಳು. ಹುಡುಕಿದೆ. ಒಂದೇ ಒಂದು ಸಿಕ್ಕಿತು: ಇಂಚರಾಗೆ ಚಪ್ಪಲಿ. ಮೂರು ವರ್ಷದ ಹಿಂದಿನದು. ಈಗ ಆ ಅಳತೆ ಅವಳಿಗೆ ಆಗುವುದೂ ಇಲ್ಲ.

ಪಕ್ಕದ ದ್ಯಾಮವ್ವನ ಮನೆಯ ಗೋಡೆಯಲ್ಲಿ ಒಂದು ಸಾಲೂ ಇಲ್ಲ, ಗಿಳಿಹಸಿರು ಬಣ್ಣ ಹಚ್ಚಿದ್ದಾರೆ. ಅವರ ಹಿಂದಿನವರು ಕೆಲಸಗಳನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರಂತೆ. ಪಾತ್ರೆ ತೊಳೆದರೆ ಹೋಯಿತು. ನೀವೂ ಮೊದಲು ಗೋಡೆ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆಯುತ್ತಿದ್ದಿರಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಯಾಕೆ ಬಿಟ್ಟಿರಿ ಅಜ್ಜಿ? ಬೈಯುತ್ತಿಲ್ಲ. ಗಂಡ, ಮಕ್ಕಳು, ಬ್ಯಾಂಕಿನ ನೌಕರಿ, ತಲೆ ತುಂಬಿರುತ್ತದೆ. ಒಂದು ಒಳ್ಳೆಯ ಸಾಧನ ಸಿಕ್ಕರೆ ಎಲ್ಲ ಹತೋಟಿಗೆ ಬಂದೀತು ಎಂದು ಅನ್ನಿಸಿರಬೇಕು. ನನಗೂ ಪ್ರತಿವರ್ಷ ಅಂಗಡಿಯಲ್ಲಿ ನಿಂತಾಗ ಹಾಗೇ ಅನ್ನಿಸುತ್ತದೆ, ನಾಚಿಕೆಯಿಲ್ಲದೆ. ಆರಿಸುವಷ್ಟು ಹೊತ್ತು ಕೆಲಸವೇ ಮುಗಿದಂತೆ ಹಗುರಾಗುತ್ತದೆ. ಅಷ್ಟು ಹೊತ್ತಿನಲ್ಲಿ ನೀವು ಸುಮಿತ್ರಕ್ಕನ ಜೊತೆ ಎರಡು ಸಲ ಮಾತಾಡಬಹುದಿತ್ತು.

ಇನ್ನು ಮುಖ್ಯ ಮಾತು. ಪಟ್ಟಿಯ ತಳದಲ್ಲಿ ತಾರೀಖು ಇದೆ: ೨೦೨೫ ನವೆಂಬರ್ ೧೬, ರವಿವಾರ, ಬೆಳಿಗ್ಗೆ ಹತ್ತೂವರೆ. ಅಂದು ನೀವು ಏಳನೆಯ ಆ್ಯಪ್ ತೆರೆಯುತ್ತೀರಿ. ಈ ಕಾಗದ ಹಿಂದಿನ ದಿನ ಕೈಸೇರುತ್ತದೆ ಎಂದು ಹಿಂದಂಚೆಯವರು ಹೇಳಿದ್ದಾರೆ. ಅದನ್ನು ತೆರೆಯಲೇಬೇಡಿ ಎನ್ನಲು ನನಗೆ ಬಾಯಿಲ್ಲ. ತೆರೆಯಿರಿ. ಆದರೆ ಅಳಿಸುವ ಗುಂಡಿ ಎಲ್ಲಿದೆ ಎಂದು ಮೊದಲು ಹುಡುಕಿ. ಸುಲಭಕ್ಕೆ ಸಿಗದಿದ್ದರೆ ಅದು ನಿಮಗೆ ಬೇಡ. ಹಳೆಯ ಪಟ್ಟಿ ತರಲೇ ಎಂದು ಕೇಳುತ್ತದೆ, ಬೇಡ ಎನ್ನಿ. ನಿಜವಾಗಿ ಬೇಕಾದದ್ದು ಮತ್ತೆ ನೆನಪಾಗುತ್ತದೆ. ಕೊನೆಗೆ, ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಚೌಕವಿದೆ: “ಮುಗಿಯದ ಕೆಲಸಗಳನ್ನು ಮುಂದಕ್ಕೆ ಒಯ್ಯಿರಿ.” ಎಲ್ಲಿಯವರೆಗೆ ಎಂದು ಅದರಲ್ಲಿ ಬರೆದಿಲ್ಲ. ಮುಂದೆ ಬಂದ ಕಾನೂನು ಆ ಒಪ್ಪಿಗೆಯನ್ನೇ ಹಿಡಿದುಕೊಂಡು ನಿಮ್ಮ ಕೆಲಸಗಳನ್ನು ವಂಶದವರ ತಲೆಗೆ ಕಟ್ಟಿತು. ಅದರಲ್ಲಿ ಗುರುತು ಮೊದಲೇ ಇರುತ್ತದೆ, ನೀವು ತೆಗೆಯಬೇಕು.

ತೆಗೆದರೆ ಇಲ್ಲಿ ನಮಗೇನಾಗುತ್ತದೋ ನನಗೆ ತಿಳಿಯದು. ಹಿಂದಂಚೆಯ ಕಿಟಕಿಯಲ್ಲಿ ಕೇಳೋಣವೆಂದು ಹೋಗಿ ಹೆದರಿ ವಾಪಸ್ ಬಂದೆ. ಇಂಚರಾ ಸಾಲೆಯಲ್ಲಿ ಕೂತಿದ್ದರೆ ಸಾಕು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಆ ಗುರುತನ್ನು ತೆಗೆದು, ಮೇಲೆ ಹೋಗಿ ಹೆಸರು, ಊರು ತುಂಬಿ ಬರುವಷ್ಟರಲ್ಲಿ ಅದು ತಾನಾಗಿ ಮತ್ತೆ ಕೂತಿರುತ್ತದಂತೆ. ನೀವು ಮೋಸಹೋದದ್ದು ಹಾಗೆಯೇ ಇರಬೇಕೆಂದು ನನಗೆ ಅನುಮಾನ. ಆದ್ದರಿಂದ ಎಲ್ಲ ತುಂಬಿಯಾದ ಮೇಲೆ, “ಮುಂದೆ” ಎಂಬುದನ್ನು ಒತ್ತುವ ಮೊದಲು, ದಯವಿಟ್ಟು ಇನ್ನೊಮ್ಮೆ ತಳದವರೆಗೆ ಸರಿಸಿ ಆ ಚೌಕ ನೋಡಿ ಅಜ್ಜಿ. ಖಾಲಿ ಇದೆ ತಾನೆ?