ಮನೆ ಯಜಮಾನನ ತುಂಡು

ಆಗಸ್ಟ್ ೩, ಶನಿವಾರ
ಹಸುಗಳಿಗೆ ಹುಲ್ಲು ಹಾಕಿದ್ದಾಯಿತು. ಚಹಾ ಎಲೆ ಕೊಯ್ದು ತೂಕಕ್ಕೆ ಕೊಟ್ಟದ್ದೂ ಆಯಿತು. ಎಲೆ ಕೊಯ್ಯುವುದರಲ್ಲಿ ಇಡೀ ಮರಗೋಲಿ ಗುಡ್ಡದಲ್ಲಿ ನನ್ನ ಸಮ ಯಾರೂ ಇಲ್ಲ. ಪಕ್ಕದ ಮನೆ ಕಿಸಿಯಾ ಕೂಡ ಒಪ್ಪುತ್ತಾನೆ — ಕುಡಿದಾಗ.

ಸೋಮವಾರ ಅಮೆರಿಕದ ಚರ್ಚಿನವರು ಬರುತ್ತಾರೆ. ಹೋದ ವರ್ಷದ ಲೋವೆಲ್ ಪಾದ್ರಿಯೇ ಮುಖಂಡ. ಈ ಸಲ ಒಬ್ಬ ಬಡವನಿಗೆ ಮನೆ ಕಟ್ಟಿಕೊಡುತ್ತಾರಂತೆ. ಯಾರೋ ಪಾಪ. ಒಳ್ಳೆಯದಾಗಲಿ.

ಆಗಸ್ಟ್ ೫, ಸಂಜೆ
ಆ ಬಡವ ನಾನೇ!

ಪಾದ್ರಿ ತಮ್ಮ ಚರ್ಚಿನ ಕ್ಯಾಲೆಂಡರ್ ಬಿಚ್ಚಿದರು. ಆಗಸ್ಟ್ ಪುಟದಲ್ಲಿ ನಾನು. ತೋಟದ ಹರಕು ಕೋಟು, ಕೈಯಲ್ಲಿ ಸುಟ್ಟ ಜೋಳ, ಹಿಂದೆ ನಮ್ಮ ಅಡುಗೆಮನೆಯ ಮಣ್ಣಿನ ಗೋಡೆ. ಹೋದ ವರ್ಷ ತೆಗೆದದ್ದು. ಮುಖ ಚೆನ್ನಾಗಿದೆ ಅಂತ ತೆಗೆದರು ಅಂದುಕೊಂಡಿದ್ದೆ. ಅಣ್ಣನ ಮಗಳು ಮಿದೇವಾ, ಸ್ಕೂಲ್ ಟೀಚರ್, ಅವರಿಗೂ ನಮಗೂ ದುಭಾಷಿ, ನಗು ತಡೆದುಕೊಂಡು ಕೆಳಗಿನ ಸಾಲು ಓದಿದಳು:

"ಲಿದೊಂಡೆ, ತನ್ನ ಮನೆಯ ಮುಂದೆ. ಪ್ರಾರ್ಥಿಸಿರಿ."

ಮನೆಯಂತೆ! ಐದು ಕೋಣೆಯ ತಗಡಿನ ಮನೆ ಪಟ ತೆಗೆಯುವವನ ಬೆನ್ನ ಹಿಂದಿತ್ತು. ಹೊಗೆ ಬೇಡವೆಂದು ಎಲ್ಲರಂತೆ ನಾವೂ ಅಡುಗೆಮನೆ ಬೇರೆ ಕಟ್ಟಿದ್ದೇವೆ. ಈಗ ಅದನ್ನು ಕೆಡವಿ, ಅಲ್ಲೇ ನನಗೊಂದು ಮನೆ. ಗುರುವಾರ ಕೆಲಸ ಶುರು.

ಹೆಂಡತಿ ಕವುಲಾನಿ ಸೌಟು ಹಿಡಿದೇ ಹೊರಗೆ ಬಂದಳು. "ನನ್ನ ಅಡುಗೆಮನೆ ಮುಟ್ಲಿ ನೋಡೋಣ! ಪ್ರತಿ ಕ್ರಿಸ್‌ಮಸ್‌ಗೂ ಗೋಡೆ ಸಾರಿಸೋಳು ನಾನು."

ಬೇಲಿ ಆಚೆಯಿಂದ ಕಿಸಿಯಾ: "ಬಿಟ್ಟಿ ಮನೆ ಬೇಡ್ವೇನೋ? ಹಾಗಾದ್ರೆ ನಮ್ಮ ಕೋಳಿಗೂಡಿನ ಮುಂದೆ ನಾನು ಹೋಗಿ ಕೂತ್ಕೋತೀನಿ. ನನ್ನ ಪಟಾನೂ ತೆಗೀಲಿ."

ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ಅಷ್ಟು ದೂರದಲ್ಲಿ ಜನ ನನ್ನನ್ನು ನೋಡಿ ಅಯ್ಯೋ ಅನ್ನುತ್ತಿದ್ದಾರೆ. ನನ್ನನ್ನು!

"ಹೇಳ್ಬಿಡ್ಲಾ ಚಿಕ್ಕಪ್ಪ?" ಅಂದಳು ಮಿದೇವಾ.

"ಬೇಡ. ಬಾಯಲ್ಲಿ ಹೇಳಿದ್ರೆ ಸಂಕೋಚಕ್ಕೆ ಬೇಡ ಅಂತಿದಾನೆ ಅಂದ್ಕೋತಾರೆ. ನಾಳೆ ಎಲ್ರನ್ನೂ ಊಟಕ್ಕೆ ಕರಿ."

ಆಗಸ್ಟ್ ೬
ಅಷ್ಟೂ ಜನ ನಮ್ಮ ಹಾಲ್‌ನಲ್ಲೇ ಹಿಡಿಸಿದರು. ಕಿಸಿಯಾನ ಹಾಲ್‌ನಲ್ಲಾಗಿದ್ದರೆ ಅರ್ಧ ಜನ ಅಂಗಳದಲ್ಲಿ! ಸೋಫಾಗಳಿಗೆಲ್ಲ ಕವುಲಾನಿ ಹೆಣೆದ ಬಿಳಿ ಹೊದಿಕೆ. ಪಾದ್ರಿ ಸುತ್ತ ನೋಡುತ್ತಲೇ ಇದ್ದರು. ಈ ಮನೆ ಯಾರದೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಗಾಲಿ ಮುದ್ದೆ ಬಂತು, ಕೋಳಿ ಬಂತು. ಕೋಳಿಯ ಹೊಟ್ಟೆಯೊಳಗೆ ಕಾಳು ಅರೆಯುವ ಗಟ್ಟಿ ತುಂಡು ಮನೆ ಯಜಮಾನನದು. ದೊಡ್ಡ ಅತಿಥಿ ಬಂದರೆ ಅವನ ತಟ್ಟೆಗೆ ಹಾಕುವುದು ಮರ್ಯಾದೆ. ಊರೆಲ್ಲ ನನ್ನ ಕೈ ನೋಡುತ್ತಿತ್ತು. ತುಂಡು ಎತ್ತಿದೆ. ಪಾದ್ರಿಯ ಮೂಗಿನ ಮುಂದೆ ಹಾಯಿಸಿ, ನನ್ನ ಬಾಯಿಗೇ ಹಾಕಿಕೊಂಡೆ.

ಕಿಸಿಯಾನಿಗೆ ಕೆಮ್ಮು ಹತ್ತಿತು.

"ಏನದು?" ಪಾದ್ರಿ ಕೇಳಿದರು.

ಮಿದೇವಾ ಎಷ್ಟು ಮೆತ್ತಗೆ ಹೇಳಿದಳು! "ಯಜಮಾನನ ಪಾಲು ಪಾದ್ರಿಗಳೇ. ಯಾರ ಮನೇಲಿ ಕೂತು ಉಣ್ತೀವೋ ಅವರದು."

ಪಾದ್ರಿಯ ಅಗಿತ ನಿಂತಿತು. ಮಾಡು ನೋಡಿದರು, ಗೋಡೆ ನೋಡಿದರು, ಕಿಟಕಿಯಾಚೆಯ ಹೊಗೆ ನೋಡಿದರು. ಕಿವಿ ಎರಡೂ ಮಾಗಿದ ಕಾಫಿ ಹಣ್ಣಿನ ಕೆಂಪು.

"ಹಾಗಾದ್ರೆ ಹಿಂದೆ ಇರೋದು…?"

"ಈ ಕೋಳಿ ಬೆಂದ ಜಾಗ," ಅಂದಳು ಕವುಲಾನಿ.

ಒಳ್ಳೆಯ ಮನುಷ್ಯ. ನೆಪ ಹೇಳಲಿಲ್ಲ. "ನಿಮ್ಮನ್ನ ತೋರಿಸಿ ನಮ್ಮೋರನ್ನೆಲ್ಲ ಅಳಿಸಿದೀನಿ," ಅಂದರು.

"ಅಳ್ಲಿ ಬಿಡಿ, ಕಣ್ಣು ತೊಳೆದ ಹಾಗಾಯ್ತು. ಆದ್ರೆ ಇನ್ನೊಂದು ಪಟ ತೆಗೀರಿ. ಅದೇ ಊರಿಗೆ ಹೋಗ್ಲಿ, ಕ್ಯಾಲೆಂಡರ್ ತೂಗಿದ ಅದೇ ಗೋಡೆಗೆ."

ಆಗಸ್ಟ್ ೧೦
ಮನೆ ಕಟ್ಟಲು ಅವರು ತಂದ ಸಾಮಾನು ಯಾರಿಗೆಂದು ನಮ್ಮ ಚರ್ಚಿನ ಹಿರಿಯರೇ ಕೂತು ತೀರ್ಮಾನಿಸಿದರು. ಮಾಡು ಹಾರಿಹೋದ ವಿಹೆಂದಾ ಅಜ್ಜಿಗೆ. ನಿನ್ನೆ ತಗಡು ಏರಿತು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದೆವು.

ಇವತ್ತು ಪಾದ್ರಿಯನ್ನು ಅವರು ತಂಗಿರುವ ಹಸಿರು ಡೇರೆಯ ಮುಂದೆ ನಿಲ್ಲಿಸಿ ಮಿದೇವಾಳ ಫೋನಿನಲ್ಲಿ ಪಟ ತೆಗೆಸಿದೆ. ಕೈಗೆ ಸುಟ್ಟ ಜೋಳ ಕೊಟ್ಟೆ. ಹಾಲ್‌ನಲ್ಲಿ ತೂಗುಹಾಕುತ್ತೇನೆ: "ಲೋವೆಲ್, ತನ್ನ ಮನೆಯ ಮುಂದೆ. ಪ್ರಾರ್ಥಿಸಿರಿ." ಕೇಳಿ ಪಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗಸ್ಟ್ ೧೧, ಭಾನುವಾರ ಬೆಳಿಗ್ಗೆ
ಇವತ್ತು ನನ್ನ ಪಟ. ಮನೆಯ ಮುಂಬಾಗಿಲಲ್ಲಿ. ಕಪ್ಪು ಸೂಟು, ಪಕ್ಕದಲ್ಲಿ ಕವುಲಾನಿ, ಹಸುಗಳೂ ನಿಲ್ಲಬೇಕೆಂದಿದ್ದೇನೆ. ಅಡುಗೆಮನೆಯೂ ಮೂಲೆಯಲ್ಲಿ ಕಾಣಲಿ ಅನ್ನುತ್ತಾಳೆ ಅವಳು. ಕಾಣಲಿ. ಹೊಗೆ ಸಮೇತ.

ಕೋಳಿ ಕೊಯ್ದಾಗಿದೆ. ಆ ತುಂಡು ಇವತ್ತು ಪಾದ್ರಿಯ ತಟ್ಟೆಗೆ. ಯಜಮಾನನಾಗಿ ಕೊಡಲು ನನಗೊಂದು ಮನೆಯಿದೆ, ಈಗ ಅವರಿಗೂ ಗೊತ್ತು… ಅರ್ಧ ಕೊಡಲೇ? ಛೆ, ಪೂರ್ತಿ.

ಟೈ ಎಲ್ಲಿ? ಕರೆಯುತ್ತಿದ್ದಾರೆ. ಕಿಸಿಯಾ ಆಗಲೇ ಬಂದು ನನ್ನ ಬಾಗಿಲಲ್ಲಿ, ನನ್ನ ಕುರ್ಚಿಯ ಮೇಲೆ, ಪಟಕ್ಕೆ ಕೂತು —