ಮರಿಯಿಲ್ಲದ ಹೆಣ್ಣು

ಸೆಪ್ಟೆಂಬರ್ 9, ಮಧ್ಯಾಹ್ನ

ಬಂದೂಕು ಒರೆಸಿ ಎಣ್ಣೆ ಹಾಕಿದೆ. ಅದರ ಮೇಲಿನ ದುರ್ಬೀನಿನ ಬಳೆಯನ್ನು ನನ್ನ ಕಣ್ಣಿಗೆ ಹೊಂದಿಸಲು ಮತ್ತೆ ಅರ್ಧ ಸುತ್ತು ತಿರುಗಿಸಬೇಕಾಯಿತು. ಜೂನ್‌ನಲ್ಲಿ ಒಂದು ಸುತ್ತು, ಈಗ ಇನ್ನರ್ಧ. ಬೇಲಿಯ ಮುಳ್ಳುತಂತಿ ಚೆನ್ನಾಗಿ ಕಾಣುತ್ತದೆ. ಸಾಕು.

ಸೊಸೆ ದಾರಿಂಕಾ ಬಾಗಿಲ ತನಕ ಬಂದಳು.

“ಅತ್ತೆ, ಕನ್ನಡಕ ಮರೆತ್ರಿ.”

“ಮರೆತಿಲ್ಲ. ಬಿಟ್ಟಿದ್ದೀನಿ.”

“ಮೂರು ಸಲ ಇದ್ರಿಯಾ ಪೇಟೆಗೆ ಓಡಾಡಿ ಮಾಡಿಸಿದ್ದು ಡಬ್ಬಿಗೆ ಕಣ್ಣು ಕಾಣ್ಲಿ ಅಂತಾನಾ?”

ನಾಲಗೆ ಉದ್ದವಾಗುತ್ತಿದೆ ಅವಳದ್ದು. ಕನ್ನಡಕ ಉಸಿರಿಗೆ ಮಬ್ಬಾಗುತ್ತದೆ, ಮೂಗಿನಿಂದ ಜಾರುತ್ತದೆ, ದುರ್ಬೀನಿಗೆ ಬಡಿಯುತ್ತದೆ. ಎಲ್ಲ ನಿಜ. ಜೊತೆಗೆ — ಬೇಟೆ ಸಂಘದ ಗಂಡಸರ ನಡುವೆ ನಲವತ್ತು ವರ್ಷ ಕನ್ನಡಕವಿಲ್ಲದೆ ನಿಂತವಳು ನಾನು.

ಅದೇ ದಿನ, ರಾತ್ರಿ 8

ಹೆಣ್ಣು ಜಿಂಕೆ. ಒಂದೇ ಗುಂಡು. ಅಟ್ಟಣೆಯಿಂದ ತೊಂಬತ್ತು ಹೆಜ್ಜೆ. ದುರ್ಬೀನಿನ ವೃತ್ತದೊಳಗೆ ಒಂಟಿಯಾಗಿ ನಿಂತಿತ್ತು, ಕಿವಿಯ ಕೂದಲೂ ಕಾಣುತ್ತಿತ್ತು. ವೃತ್ತದ ಹೊರಗೆ ಏನಿತ್ತೋ. ವೃತ್ತದ ಹೊರಗೆ ನನಗೆ ಈಗ ಬರೀ ಹಸಿರು ಗಂಜಿ.

ಹೊಟ್ಟೆ ಸೀಳುವಾಗ ಕೈಗೆ ಕೆಚ್ಚಲು ಸಿಕ್ಕಿತು. ತುಂಬಿದ್ದು. ಒತ್ತಿದೆ. ಬೆರಳ ಮೇಲೆ ಬಿಸಿ ಹಾಲು.

ಹೊಡೆಯುವುದಾದರೆ ಮೊದಲು ಮರಿ, ಆಮೇಲೆ ತಾಯಿ, ಮರಿ ತಬ್ಬಲಿಯಾಗಿ ನರಳಬಾರದು — ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ.

ಕೆಚ್ಚಲನ್ನು ಕೊಯ್ದು ಕಲ್ಲಿನಡಿ ಹೂತೆ. ಸಂಘದ ಪುಸ್ತಕದಲ್ಲಿ ಬರೆದೆ: ಹೆಣ್ಣು, ಮರಿಯಿಲ್ಲದ್ದು. ಕೈ ನಾಲ್ಕು ಸಲ ತೊಳೆದೆ.

ಸೆಪ್ಟೆಂಬರ್ 10

ಸಂಘದ ಅಧ್ಯಕ್ಷ ಲೋಯ್ಜೆ ದಾರಿಯಲ್ಲಿ ಸಿಕ್ಕಿ ಟೋಪಿ ತೆಗೆದ. “ನೋಟ ಒಳ್ಳೆಯದಿರಲಿ, ಅಪೊಲೋನಿಯಾ ಅಮ್ಮ!” ಬೇಟೆಗಾರರೆಲ್ಲ ಒಬ್ಬರಿಗೊಬ್ಬರು ಹೇಳುವ ಮಾತೇ. ಇಂದು ಮುಖದ ಮೇಲೆ ಉಗಿದಂತಾಯಿತು.

“ಎಪ್ಪತ್ತೊಂದಾದ್ರೂ ಒಂದೇ ಗುಂಡು. ನಮ್ಮ ಹುಡುಗ್ರು ನಿಮ್ಮ ಬೂಟು ಒರೆಸ್ಬೇಕು.”

“ಮೊದಲು ಅವರ ಬೂಟು ಒರೆಸ್ಕೊಳ್ಳಲಿ,” ಅಂದೆ. ನಕ್ಕ. ನಾನೂ ನಕ್ಕೆ.

ಸೆಪ್ಟೆಂಬರ್ 12

ಕೂಗು. ಸಣ್ಣದು, ಒಣ ಬಾಗಿಲ ಕೀಲಿನಂಥದ್ದು. ಹುಲ್ಲುಗಾವಲಿನ ಅಂಚಿನಿಂದ. ಕಣ್ಣು ಹೋದರೂ ಕಿವಿ ಹೋಗಿಲ್ಲ.

“ಏನು ಕೇಳಿಸ್ತಿದೆ ನಿಮಗೆ?” ದಾರಿಂಕಾ ಕೇಳಿದಳು. “ನನಗೇನೂ ಕೇಳಿಸ್ತಿಲ್ಲವಲ್ಲ.”

ಹುಳಿ ಎಲೆಕೋಸು ಕುದಿಯುವ ಸದ್ದು ಅಂದುಬಿಟ್ಟೆ.

ಸೆಪ್ಟೆಂಬರ್ 15

ಯಾರೂ ಇಲ್ಲದಾಗ ಅಟ್ಟ ಹತ್ತಿ ಕಿಟಕಿಯಲ್ಲಿ ಕನ್ನಡಕ ಹಾಕಿ ನೋಡಿದೆ. ಖಾಲಿ ಹುಲ್ಲುಗಾವಲು, ಒಂದೊಂದು ಹುಲ್ಲೂ ಬೇರೆ ಬೇರೆ. ತೆಗೆದೆ. ಕೂಡಲೇ ಕಂದು ಬಣ್ಣದ್ದೊಂದು ಬೇಲಿಯ ಬಳಿ ಬಂದು ನಿಂತಿತು. ತಲೆ ಈ ಕಡೆಗೆ. ಮತ್ತೆ ಹಾಕಿದೆ — ಮರದ ಬುಡ.

ಕನ್ನಡಕವಿಲ್ಲದಾಗ ಪ್ರತಿ ಮರದ ಬುಡವೂ ಆ ಮರಿಯೇ. ಹಾಕಿಕೊಂಡರೆ ಅದು ಹೋಗುತ್ತದೆ. ಆದರೂ ಡಬ್ಬಿಯಲ್ಲಿಟ್ಟೆ.

ಅಕ್ಟೋಬರ್ 6

ಮೂರು ವಾರ ಬರೆದಿಲ್ಲ. ಕಾಡಿಗೂ ಹೋಗಿಲ್ಲ. ಮಂಡಿನೋವು ಅಂದಿದ್ದೇನೆ.

ಇಂದು ದಾರಿಂಕಾ ಅಂಗಡಿಯಿಂದ ಸುದ್ದಿ ತಂದಳು. ಕಾಡಿನ ಅಂಚಿನಲ್ಲಿ ತಬ್ಬಲಿ ಮರಿ ಅಲೆಯುತ್ತಿದೆಯಂತೆ, ಎಲುಬು ಎಣಿಸಬಹುದಂತೆ. ತಾಯಿಯನ್ನು ಹೊಡೆದದ್ದು ಸಿರಿಲ್ ಅಂತ ಎಲ್ಲರೂ ಅನ್ನುತ್ತಿದ್ದಾರೆ. ಅದೇ ವಾರ ಪಕ್ಕದ ಅಟ್ಟಣೆಯಲ್ಲಿ ಅವನೂ ಒಂದು ಹೆಣ್ಣು ಹೊಡೆದಿದ್ದ. “ಭಾನುವಾರ ಸಭೆ, ಅತ್ತೆ. ಈ ಸಲ ಚಿಕ್ಕಮಾವನ್ನ ಸಂಘದಿಂದಲೇ ತೆಗೀತಾರಂತೆ.”

ಸಿರಿಲ್ ನನ್ನವರ ತಮ್ಮ. ಹನ್ನೊಂದು ವರ್ಷದ ಹಿಂದೆ ಅವನು ನಿಜವಾಗಿಯೂ ಮರಿಯ ತಾಯಿಯನ್ನು ಹೊಡೆದಿದ್ದ. ಆಗ ಅಧ್ಯಕ್ಷೆ ನಾನು. ಎರಡು ವರ್ಷ ಬಂದೂಕು ಮುಟ್ಟಬಾರದೆಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಕಣ್ಣು ಕಾಣದವರು ಮನೇಲಿ ಕೂತು ಬೀನ್ಸ್ ಬಿಡಿಸ್ಲಿ” ಎಂದೂ ಅಂದೆ. ಎಲ್ಲರೂ ನಕ್ಕರು. ಅಂದಿನಿಂದ ಅವನು ನನ್ನ ಹೊಸ್ತಿಲು ತುಳಿದಿಲ್ಲ. ಅಣ್ಣನ ಶವ ಹೊರಡುವಾಗಲೂ ಅಂಗಳದಲ್ಲೇ ನಿಂತಿದ್ದ.

ಅಕ್ಟೋಬರ್ 8

ಹೋದೆ. ಕನ್ನಡಕ ಹಾಕಿಕೊಂಡೇ, ಊರ ನಡುವಿನಿಂದಲೇ.

ಸಿರಿಲ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಅವನ ಮುಖದಲ್ಲಿ ಇಷ್ಟು ಸುಕ್ಕುಗಳಿವೆಯೆಂದು ಗೊತ್ತಿರಲಿಲ್ಲ.

“ಅತ್ತಿಗೆ! ದಾರಿ ತಪ್ಪಿತಾ?”

“ಕನ್ನಡಕ ಇದೆಯಲ್ಲ. ತಪ್ಪೋದಿಲ್ಲ.”

“ನಾಲ್ಕು ಕಣ್ಣು ಹಚ್ಕೊಂಡು ಬಂದಿದ್ದೀರಿ ಅಂದ್ರೆ ದೊಡ್ಡ ವಿಷಯಾನೇ.”

ನಿಂತೇ ಹೇಳಿದೆ. “ಆ ಮರಿಯ ತಾಯೀನ ಹೊಡೆದದ್ದು ನಾನು.”

ಕೊಡಲಿ ಕೆಳಗಿಡಲಿಲ್ಲ. “ಗೊತ್ತು. ಅಣ್ಣನ ಬಂದೂಕಿನ ಸದ್ದು ನನಗೆ ತಿಳೀದಾ?”

“ಮತ್ತೆ ಊರೆಲ್ಲ ನಿನ್ನ ಬೈತಿದ್ರೆ ಬಾಯಿ ಮುಚ್ಕೊಂಡಿದ್ದೆಯಲ್ಲ!”

“ಭಾನುವಾರದವರೆಗೂ ನೀವು ಬಾಯಿ ಮುಚ್ಕೊಂಡಿರ್ತೀರಾ ಅಂತ ನೋಡ್ತಿದ್ದೆ.” ಒಂದು ತುಂಡು ಒಡೆದ. “ಹೇಗಾಯ್ತು?”

“ಮಂಜು.”

“ಅವತ್ತು ಮಂಜಿರಲಿಲ್ಲ, ಅತ್ತಿಗೆ.”

ಬಗ್ಗಿ, ಅವನು ಒಡೆದ ತುಂಡುಗಳನ್ನು ಒಟ್ಟತೊಡಗಿದೆ. ಅವನು ಮರಿಯ ಮಾತಿಗೆ ಬಂದ. ಮರಿ ಭೇದಿಯಾಗಿ ಕಾಲೆಳೆಯುತ್ತಿದೆಯಂತೆ. ಹಿಮ ಬೀಳುವ ತನಕ ನರಳಲು ಬಿಡಬಾರದು. “ನೀವೇ ಮುಗಿಸ್ಬೇಕು. ನಾನು ಪಕ್ಕದಲ್ಲಿರ್ತೀನಿ.”

ಅಕ್ಟೋಬರ್ 10, ಭಾನುವಾರ, ಬೆಳಿಗ್ಗೆ 9

ನಸುಕಿನಲ್ಲಿ ಇಬ್ಬರೂ ಅಟ್ಟಣೆ ಹತ್ತಿದೆವು. ಕನ್ನಡಕದ ಗಾಜಿಗೆ ಸೋಪು ಸವರಿ ಒರೆಸಿದರೆ ಮಬ್ಬಾಗದು ಎಂದ ಸಿರಿಲ್. ಅವನೇ ಒರೆಸಿಕೊಟ್ಟ. ದುರ್ಬೀನಿನ ಬಳೆಯನ್ನು ಕನ್ನಡಕಕ್ಕೆ ಹೊಂದಿಸಿದ್ದೂ ಅವನೇ.

ಆರೂ ಮುಕ್ಕಾಲಿಗೆ ಬಂತು. ಹಿಂಗಾಲು ಎಳೆಯುತ್ತಾ. ಇಷ್ಟು ಸ್ಪಷ್ಟವಾಗಿ ಕಾಣಬಾರದಿತ್ತು. ರೆಪ್ಪೆ, ಒದ್ದೆ ಮೂಗು, ಬಾಲದಡಿಯ ಹೊಲಸು.

ಹೊಡೆದೆ. ಅಲ್ಲೇ ಬಿತ್ತು.

ಆಗ ಪೊದೆಯಿಂದ ಇನ್ನೊಂದು ಬಂತು. ಅಷ್ಟೇ ಎತ್ತರ. ಬಿದ್ದದ್ದನ್ನು ಮೂಸಿತು. ಮೂಗಿನಿಂದ ದೂಡಿತು, ಏಳು ಎನ್ನುವಂತೆ.

“ಎರಡು,” ಅಂದ ಸಿರಿಲ್. ನನ್ನ ಕಡೆ ನೋಡಲಿಲ್ಲ.

ಬೇಟೆಗಾರರ ಕಾನೂನು, ಪಾಠ, ಎಲ್ಲ ಬಾಯಿಪಾಠ ನನಗೆ. ಯಾವುದೂ ನೆನಪಾಗಲಿಲ್ಲ.

“ಇದು ಗಟ್ಟಿ ಇದೆ,” ಅಂದೆ. “ಬದುಕುತ್ತೆ.”

“ನೋಡಿ ಹೇಳ್ತಿದ್ದೀರಾ, ಅತ್ತಿಗೆ?”

“ನೋಡಿಯೇ.”

ತುಂಬ ಹೊತ್ತು ಅಲ್ಲೇ ನಿಂತಿತ್ತು. ನಾವು ಇಳಿದು ಹತ್ತಿರ ಹೋದ ಮೇಲೇ ಕಾಡೊಳಗೆ ಹೋಯಿತು. ಈಗ ಅಲ್ಲಿಂದ ಕೂಗುತ್ತಿದೆ. ಬರೆಯುವಾಗಲೂ ಕೇಳುತ್ತಿದೆ.

ಸಭೆ ಹತ್ತಕ್ಕೆ. ಸಿರಿಲ್ ಅಂಗಳದಲ್ಲಿ ಕಾಯುತ್ತಿದ್ದಾನೆ, ಒಳಗೆ ಕರೆದರೂ ಬರಲಿಲ್ಲ. ದಾರಿಂಕಾ ಅಲ್ಲಿಗೇ ಕಾಫಿ ತಂದುಕೊಟ್ಟಳು. ಲೋಯ್ಜೆ ಎದ್ದು ಅವನ ಹೆಸರು ಓದುವ ಮೊದಲೇ ನಾನು ಏಳಬೇಕು. ಮಂಜು ಅನ್ನಬಾರದು. ವಯಸ್ಸು ಅನ್ನಬಾರದು. ಇಷ್ಟೇ ಹೇಳಬೇಕು — ತಾಯಿಯನ್ನು ಹೊಡೆದವಳು ನಾನು, ಪುಸ್ತಕದಲ್ಲಿ ಸುಳ್ಳು ಬರೆದವಳೂ ನಾನು, ಯಾಕೆಂದರೆ ನನಗೆ ಕಣ್ಣು ಕಾಣುವುದಿಲ್ಲ.