ಎರಡನೆಯ ಪಾಟಿ

ಜಮಖಂಡಿ
ಕಾರ ಹುಣ್ಣಿಮೆಯ ಮರುದಿನ, ೧೯೩೯

ಹಡೆದವ್ವನಿಗೆ ಮಾದೇವಿಯ ಶರಣು.

ಅಪ್ಪಾ, ಅವ್ವನಿಗೆ ಈ ಪತ್ರ ಓದಿ ಹೇಳುವವನು ನೀನೇ, ಅದಕ್ಕೆ ಮೊದಲು ನಿನಗೆ ಒಂದು ಮಾತು. ಹೋದ ಸಲದ ಹಾಗೆ ಅರ್ಧ ಓದಿ ಅರ್ಧ ನುಂಗಬೇಡ. ಅವ್ವ ಅತ್ತರೆ ಅಳಲಿ. ಮಗ್ಗ ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ಮೊದಲಿನಿಂದ ಕೊನೆಯವರೆಗೂ ಓದು.

ಅವ್ವಾ, ಕಾಶಪ್ಪನ ನೂಲಿನ ಗಾಡಿಯಲ್ಲಿ ಕಳಿಸಿದ ಗಂಟು ಮುಟ್ಟಿತು. ಬಿಚ್ಚುವಾಗ, ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿರುವ ಕಮಲಾಬಾಯಾರು ಪಕ್ಕದಲ್ಲೇ ಕೂತಿದ್ದರು. ಎರಡು ಕೌದಿ, ಎರಡು ತಾಟು, ಎರಡು ಕುಬಸದ ಖಣ. ಬಾಯಾರು ನಕ್ಕು, “ಇನ್ನೊಬ್ಬಾಕಿ ಯಾವಾಗ ಬರ್ತಾಳವಾ?” ಎಂದು ಕೇಳಿದರು. ನಾನು, “ನಮ್ಮವ್ವನ ಕೈ ದೊಡ್ಡದ್ರಿ” ಎಂದು ಹೇಳಿ ಒಂದು ಕೌದಿಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ. ಬೆಳಗ್ಗೆ ಎದ್ದು ನೋಡಿದರೆ ಅದು ನನ್ನ ಹಾಸಿಗೆಯ ಪಕ್ಕದಲ್ಲಿ ಹಾಸಿತ್ತು. ನಾನು ಹಾಸಿರಲಿಲ್ಲ. ಬಾಯಾರನ್ನು ಕೇಳುವ ಧೈರ್ಯ ಆಗಲಿಲ್ಲ.

ಕಾಶಪ್ಪ ನಿನ್ನ ಮಾತನ್ನೂ ಇಳಿಸಿ ಹೋದ. “ಗಣಿತ ಇಲ್ದಾಕಿಗೆ ಮುಂದ ಎಲ್ಲೀ ಸಾಲಿ? ಸಾಕಿನ್ನ. ಇಬ್ರೂ ಮನಿಗೆ ಬರ್ರಿ” ಅಂದೆಯಂತೆ. ಇಬ್ಬರೂ! ಆ ಮಾತು ಹೇಳುವಾಗ ಕಾಶಪ್ಪ ನನ್ನ ಹಿಂದೆ ಇಣುಕಿ ನೋಡಿದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ನನಗೆ ಗೊತ್ತಿದೆ, ಇದು ನಮ್ಮ ಮನೆತನದ ಪದ್ಧತಿ. ಅವಳಿಯಲ್ಲಿ ಒಂದು ಕೂಸು ಹೋದರೆ, ಉಳಿದದ್ದರ ಮದುವೆಯಾಗುವ ತನಕ ಎಲ್ಲವನ್ನೂ ಜೋಡಿ ಇಡಬೇಕು. ಹೋದದ್ದು ಹಸಿದು ಉಳಿದದ್ದನ್ನು ಕರೆಯಬಾರದು ಅಂತ. ಅನಸವ್ವ ತೊಟ್ಟಿಲಲ್ಲೇ ಹೋದಳು. ನನಗೆ ಅವಳ ಮುಖದ ನೆನಪೂ ಇಲ್ಲ. ಆದರೆ ನಾನು ಉಂಡದ್ದು ಅವಳ ತಾಟಿನ ಪಕ್ಕದಲ್ಲಿ, ಮಲಗಿದ್ದು ಅವಳ ಕೌದಿಯ ಪಕ್ಕದಲ್ಲಿ. ಓಣಿಯ ಲಕ್ಷ್ಮವ್ವ ಇವತ್ತಿಗೂ ನನ್ನನ್ನು ‘ಉಳಿದಾಕಿ’ ಎಂದೇ ಕರೆಯುತ್ತಾಳೆ.

ಸಾಲಿಗೆ ಹಚ್ಚುವಾಗಲೂ ನೀನು ಎರಡು ಪಾಟಿ ಕೊಡಿಸಿದೆ. ಒಂದರಲ್ಲಿ ನಾನು ಬರೆಯುತ್ತಿದ್ದೆ, ಇನ್ನೊಂದು ಪಕ್ಕದಲ್ಲಿ ಖಾಲಿ ಇರುತ್ತಿತ್ತು. ಹುಡುಗಿಯರು ಚೇಷ್ಟೆ ಮಾಡುತ್ತಿದ್ದರು. ಒಂದು ದಿನ ಹುಲೆಪ್ಪ ಮಾಸ್ತರರು ಭಾಗಾಕಾರ ಹಾಕಿದರು. ನಾನು ಪಾಟಿಯ ತುಂಬ ಉಗುಳು ಹಚ್ಚಿ ಅಳಿಸುತ್ತ ಕೂತಿದ್ದೆ. ಮಾಸ್ತರರು ಬಂದವರೇ ಖಾಲಿ ಪಾಟಿ ಎತ್ತಿ ನೋಡಿದರು. ಅದರಲ್ಲಿ ಲೆಕ್ಕ ಪೂರ್ತಿ ಆಗಿತ್ತು. ಅಂಕಿಗಳೆಲ್ಲ ಗಾಳಿಗೆ ಬಾಗಿದ ಜೋಳದ ಬೆಳೆಯ ಹಾಗೆ ಎಡಕ್ಕೆ ಒರಗಿದ್ದವು. “ಇದು ನಿನ್ನ ಕೈಯಾನ ಅಕ್ಷರ ಅಲ್ಲಲೇ. ಯಾರು ಬರದಾರ ಖರೆ ಹೇಳು” ಎಂದರು. ಯಾರೆಂದು ಹೇಳಲಿ?

ಮನೆಗೆ ಬಂದು ನಿನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಿದೆ. ನೀನು ನನ್ನನ್ನು ತಬ್ಬಿಕೊಳ್ಳುತ್ತೀ, ದೃಷ್ಟಿ ತೆಗೆಯುತ್ತೀ ಅಂದುಕೊಂಡಿದ್ದೆ. ನೀನು ಓಣಿಗೆಲ್ಲ ಸಕ್ಕರೆ ಹಂಚಿದೆ. “ನನ್ನ ಅನಸಿ ಸಾಲಿ ಕಲಿಯಾಕತ್ತಾಳ” ಎಂದು ಆ ಪಾಟಿಯನ್ನು ಎದೆಗೆ ಒತ್ತಿಕೊಂಡೆ. ನನ್ನ ಪಾಟಿಯನ್ನು ನೀನು ಒಂದು ದಿನವಾದರೂ ಹಾಗೆ ಹಿಡಿದಿದ್ದೀಯಾ, ಅವ್ವಾ? ನನಗೆ ಅವತ್ತು ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅವತ್ತಿನಿಂದ ಲೆಕ್ಕ ಕಲಿಯುವುದನ್ನೇ ಬಿಟ್ಟೆ. ಅದು ಅವಳದು, ನನಗೆ ಬೇಡ ಅಂದುಕೊಂಡೆ.

ಈಗ ಮ್ಯಾಟ್ರಿಕ್ ಪರೀಕ್ಷೆಯ ಸಂಗತಿ. ಊರೆಲ್ಲ ನನ್ನನ್ನು ದಡ್ಡಿ ಅನ್ನುತ್ತಿದೆ. ಕನ್ನಡ, ಮರಾಠಿ, ಇತಿಹಾಸ, ಇಂಗ್ಲಿಷು ಎಲ್ಲ ಛಲೋ ಆಗಿ, ಗಣಿತ ಒಂದರಲ್ಲಿ ಸೊನ್ನೆ ಬಂದದ್ದು ಹೇಗೆಂದು ಕಮಲಾಬಾಯಾರಿಗೂ ತಿಳಿದಿಲ್ಲ. ನಿನಗೆ ಮಾತ್ರ ಹೇಳುತ್ತೇನೆ. ಅವತ್ತು ಪ್ರಶ್ನೆಪತ್ರಿಕೆಯಲ್ಲಿ ನನಗೆ ಒಂದೂ ತಿಳಿಯಲಿಲ್ಲ. ಬಲಗೈಯನ್ನು ಹಣೆಗೆ ಹಚ್ಚಿ ಕಣ್ಣು ಮುಚ್ಚಿದೆ. ತೆರೆದಾಗ ಹಾಳೆ ತುಂಬಿತ್ತು. ಮಸಿ ಇನ್ನೂ ಹಸಿಯಾಗಿತ್ತು. ಅಂಕಿಗಳು ಎಡಕ್ಕೆ ಒರಗಿದ್ದವು. ನನ್ನ ಬಲಗೈ ಹಣೆಯ ಮೇಲೆಯೇ ಇತ್ತು. ಎಡಗೈಯ ಬೆರಳುಗಳಿಗೆ ಮಸಿ ಹತ್ತಿತ್ತು.

ಆ ಲೆಕ್ಕಗಳೆಲ್ಲ ಸರಿಯಿದ್ದವು ಎಂಬ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ಹಾಗೇ ಕೊಟ್ಟಿದ್ದರೆ ಪಾಸಾಗುತ್ತಿದ್ದೆ. ಆದರೆ ಪಾಸಾಗುವವರು ಯಾರು? ಹಾಳೆ ಹಾಳೆಗೂ ಅಡ್ಡ ಕಾಟು ಹೊಡೆದು ಕೊಟ್ಟು, ಹೊರಗೆ ಬಂದು ಎಡಗೈಯ ಮಸಿಯನ್ನು ಬೇವಿನ ಗಿಡದ ತೊಗಟೆಗೆ ತಿಕ್ಕಿ ತಿಕ್ಕಿ ಒರೆಸಿದೆ.

ಅದಕ್ಕೇ ನನಗೆ ಗಣಿತ ಇಲ್ಲದ ಓದು ಬೇಕು. ಎಲ್ಲಿ ಅಂಕಿ ಬರುತ್ತದೋ ಅಲ್ಲಿ ಅವಳೂ ಬರುತ್ತಾಳೆ. ಬಾಯಾರು ಪಾಪ, ಗಂಡ ಸತ್ತ ಮೇಲೆ ತಾವೂ ಓದಿ ಮಾಸ್ತರಿಕೆ ಹಿಡಿದವರು, ನನಗಾಗಿ ಎಲ್ಲ ಕಡೆ ವಿಚಾರಿಸಿದರು. ಧಾರವಾಡದ ಟ್ರೇನಿಂಗಿಗೆ ಹೋಗು ಎಂದರು. ಅಲ್ಲಿ ಕಲಿತು ಬಂದರೆ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು, ಒಲ್ಲೆ ಎಂದೆ. ಮಿರಜದಲ್ಲಿ ನರ್ಸು ಆಗು ಎಂದರು. ಔಷಧ ಅಳೆಯುವಾಗ ನನ್ನ ಎಡಗೈ ಏನು ಮಾಡೀತೋ ಎಂದು ಅದೂ ಬೇಡವಾಯಿತು. ಚಿತ್ರಕಲೆಯ ಪರೀಕ್ಷೆ ಕಟ್ಟಬಹುದಂತೆ, ಅದಕ್ಕೆ ಮತ್ತೆ ಅಳತೆಪಟ್ಟಿ, ಕೋನ. ಬಾಯಾರು ರೇಗಿ, “ಹಂಗಾದ್ರ ಉಪ್ಪಿಟ್ಟು ಮಾಡೂದು ಕಲಿ ಹೋಗು!” ಎಂದುಬಿಟ್ಟರು. ಆಮೇಲೆ ಅವರೇ ಪುಣೆಯ ಸುದ್ದಿ ತೆಗೆದರು. ಅಲ್ಲಿ ಹೆಣ್ಣುಮಕ್ಕಳದೇ ಒಂದು ಕಾಲೇಜು ಇದೆಯಂತೆ, ಗಣಿತ ಇಲ್ಲದವರನ್ನೂ ತೆಗೆದುಕೊಳ್ಳುತ್ತಾರಂತೆ. ಭಾಷೆ, ಇತಿಹಾಸ ಓದಬಹುದು. ಉಳಿಯಲು ಬಾಯಾರ ತಂಗಿಯ ಮನೆ. ಅವ್ವಾ, ಅದನ್ನು ಕೇಳಿದಾಗ ನನಗಾದ ಸಂತೋಷ ಏನು ಹೇಳಲಿ, ನಿಂತಲ್ಲೇ ಕುಣಿದೆ.

ಒಂದೇ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತಿದೆ. ಇವತ್ತು ಬೆಳಗ್ಗೆ ಬಾಯಾರು, “ಗಣಿತಾನೂ ತಗೋತೀನಿ ಅಂತ ನಿನ್ನೆ ಹಿತ್ತಲದಾಗ ನೀನ ಹೇಳಿದ್ಯಲ್ಲ?” ಎಂದರು. ನಿನ್ನೆ ನಾನು ಹಿತ್ತಲಿಗೆ ಹೋಗಿಯೇ ಇಲ್ಲ. ಬಾಯಾರಿಗೂ ವಯಸ್ಸಾಯಿತು, ಏನೋ ಮರೆತಿರಬೇಕು.

ನೀನು ನನ್ನನ್ನು ಯಾಕೆ ಬಿಡಲೊಲ್ಲೆ ಎಂಬುದು ನನಗೆ ಗೊತ್ತು. ಗಣಿತ ಬರೀ ನೆಪ. ನಾನು ದೂರ ಹೋದರೆ ಅವಳೂ ಹೋಗುತ್ತಾಳೆ, ಮನೆ ಪೂರ್ತಿ ಖಾಲಿಯಾಗುತ್ತದೆ ಅಂತ ನಿನ್ನ ದಿಗಿಲು. ಆದರೆ ನನ್ನ ಕಡೆಗೂ ಸ್ವಲ್ಪ ನೋಡು ನನ್ನವ್ವ. ನನ್ನ ಅನ್ನದಲ್ಲಿ, ಹಾಸಿಗೆಯಲ್ಲಿ, ಕೈಯಲ್ಲಿ ಪಾಲು ಕೊಟ್ಟು ಕೊಟ್ಟು ನಾನು ಎಷ್ಟು ಉಳಿದೆನೋ ನನಗೇ ತಿಳಿಯದಾಗಿದೆ. ನಾನೊಬ್ಬಳೇ ಆಗಿ ಬದುಕಬೇಕು. ಅಷ್ಟೇ ನನ್ನ ಆಸೆ.

ಸೋಮವಾರ ಮುಂಜಾನೆ ಕುಡಚಿಯ ಮೋಟಾರು ಹತ್ತುತ್ತೇನೆ, ಅಲ್ಲಿಂದ ರೈಲು. ಮೋಟಾರು ನಮ್ಮೂರು ಬನಹಟ್ಟಿಯ ಮೇಲೆಯೇ ಹಾದು ಹೋಗುತ್ತದಲ್ಲ, ನೀನು ರಸ್ತೆಗೆ ಬಂದು ನಿಲ್ಲು. ದಾರಿಗೆ ಬುತ್ತಿ ಕಟ್ಟಿಕೊಂಡು ಬಾ, ಆದರೆ ಒಂದೇ ಬುತ್ತಿ. ನಿನ್ನ ಕೈಯಲ್ಲಿ ಒಂದು ಗಂಟು ಕಂಡರೆ, ನೀನು ಮನಸಾರೆ ಹೂಂ ಅಂದೆ ಎಂದು ತಿಳಿದು ಮುಂದೆ ಹೋಗುತ್ತೇನೆ. ಎರಡು ಕಂಡರೆ ಅಲ್ಲೇ ಇಳಿದು ನಿನ್ನ ಹಿಂದೆ ಮನೆಗೆ ಬರುತ್ತೇನೆ. ಮತ್ತೆ ಓದಿನ ಹೆಸರು ಎತ್ತುವುದಿಲ್ಲ, ಆಣೆ. ಎರಡನೆಯ ತಾಟನ್ನೂ ಸೋಮವಾರದೊಳಗೆ ತೊಳೆದು ಎತ್ತಿಡು. ಒಂದೇ ಸಲ, ನನ್ನ ಸಲುವಾಗಿ.

ಲಕೋಟೆಗೆ ಅಂಟು ಹಚ್ಚುವುದಷ್ಟೇ ಬಾಕಿ. ಊಟವಾಗಿದೆ, ಕಣ್ಣು ಎಳೆಯುತ್ತಿವೆ. ಸ್ವಲ್ಪ ಅಡ್ಡಾಗಿ ಎದ್ದು ಟಪಾಲಿಗೆ ಹಾಕುತ್ತೇನೆ.

ನಿನ್ನ ಮಗಳು, ಒಬ್ಬಳೇ,
ಮಾದೇವಿ

ತಾ.ಕ. ಅಪ್ಪಾ, ಅಕ್ಷರ ಎಡಕ್ಕ ಒರಗ್ಯಾವು ಅಂತ ಅಂಜಬ್ಯಾಡ, ಓದು. ಅವ್ವಾ, ಆಕಿ ಮಲಗ್ಯಾಳ. ಆಕಿ ಬರದದ್ದು ಎಲ್ಲಾ ಖರೆ ಐತಿ. ಆಕಿ ಹೇಳಿದಂಗನ ಮಾಡು. ಬುತ್ತಿ ಒಂದ ಕಟ್ಟು, ತಾಟು ಒಂದ ಇಡು, ಮಾದೇವಿದು ತೊಳದು ಎತ್ತಿಡು. ಗಣಿತ ಬ್ಯಾಡಾದ ಸಾಲಿ ನನಗ್ಯಾಕ ಬೇ? ಗಣಿತ ಇದ್ದದ್ದ ನೋಡ್ರಿ ಅಂತ ಬಾಯಾರಿಗೆ ಹಿತ್ತಲದಾಗ ಹೇಳೇನಿ, ಹೂಂ ಅಂದಾರ. ಸೋಮವಾರ ರಸ್ತಾಕ್ಕ ಬಾ. ಮೋಟಾರಿನ ಕಿಡಕ್ಯಾಗಿಂದ ಕೈ ಚಾಚತೇನಿ. ಎಡಗೈ ಇರತೈತಿ, ಗುರತಾ ಹಿಡಿ.
ಅನಸವ್ವ